ಮಕ್ಕಳ ಪಾಡ್‌ಕಾಸ್ಟ್ ಎಲ್ಲಾ ಪ್ರಬಂಧ ಓದಿದ ಹಾಗೇ ಬರ್ತಿದೆ, ಏನ್ ಮಾಡ್ಲಿ?

ಗವಿಪುರ_ಟೀಚರ್:
ನಮಸ್ಕಾರ ಎಲ್ರಿಗೂ. ಬಸವನಗುಡಿ ಕಡೆ ಕನ್ನಡ ಮೀಡಿಯಂ ಸ್ಕೂಲಲ್ಲಿ 9ನೇ ಕ್ಲಾಸಿಗೆ ಸಮಾಜ ತಗೋತೀನಿ. ಈ ಸಲ ಎಫ್‌ಎ (ವರ್ಷದ ಮಧ್ಯೆ ಮಾಡೋ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಚಾರ್ಟು ಥರ್ಮಾಕೋಲು ಬೇಡ (ಅದನ್ನ ಹೇಗೂ ರಾತ್ರಿ ಹನ್ನೊಂದಕ್ಕೆ ಕೂತು ಅಂಟಿಸೋದು ಅಪ್ಪ ಅಮ್ಮನೇ), ಬೆಂಗಳೂರಿನ ಕೆರೆಗಳ ಮೇಲೆ 5 ನಿಮಿಷದ ಪಾಡ್‌ಕಾಸ್ಟ್ ಮಾಡ್ಕೊಂಡ್ ಬನ್ನಿ ಅಂದೆ. ಬಂದಿದ್ದು ಏನು ಗೊತ್ತಾ, "ಧರ್ಮಾಂಬುಧಿ ಕೆರೆಯು ಪ್ರಸ್ತುತ ಬಸ್ ನಿಲ್ದಾಣವಾಗಿ ಪರಿವರ್ತನೆಗೊಂಡಿರುತ್ತದೆ" ಅಂತ ಒಂದೇ ಉಸಿರಲ್ಲಿ ಓದಿದಾನೆ ಹುಡುಗ, ಹುಟ್ಟಿದಾಗಿಂದ ಆ ಪದ ಅವನ ಬಾಯಲ್ಲಿ ಬಂದಿರೋ ಚಾನ್ಸೇ ಇಲ್ಲ. ಹಿಂದೆ ಮಿಕ್ಸಿ ಬೇರೆ ಗುಯ್ಯಂತಿದೆ. ಯಾರಾದ್ರೂ ಕ್ಲಾಸಲ್ಲಿ ಮಾಡ್ಸಿದೀರಾ? ಮಾರ್ಕ್ಸ್ ಹೇಗೆ ಕೊಡ್ತೀರಾ?

ಚಾಕ್‌ಪೀಸ್_ಮೇಷ್ಟ್ರು:
ಮೇಡಂ, ಮೊದ್ಲು ಆ ಸ್ಕ್ರಿಪ್ಟ್ ಕಿತ್ಕೊಳಿ. ನಾನೂ ಮೊದಲ ವರ್ಷ ಬರೆಸಿ ತಿದ್ದಿ ಆಮೇಲೆ ರೆಕಾರ್ಡ್ ಮಾಡಿ ಅಂದಿದ್ದೆ, ಎಲ್ಲಾ ಕಂಠಪಾಠದ ರಾಗ. ಈಗ ಒಂದು ಚೀಟೀಲಿ ಐದಾರು ಪದ ಅಷ್ಟೇ. ಇನ್ನೊಂದು, ಒಬ್ಬ ದೊಡ್ಡೋರನ್ನ ಮಾತಾಡಿಸ್ಲೇಬೇಕು ಅಂತ ರೂಲ್ ಮಾಡಿ. ನಮ್ಮ ಒಂದು ಹುಡುಗಿ ಪಕ್ಕದ ಮನೆ ಅಜ್ಜಿನ "ಆಗ ನೀರು ಎಲ್ಲಿಂದ ತರ್ತಿದ್ರಿ" ಅಂತ ಕೇಳಿದ್ಲು, ಅಜ್ಜಿ "ಅದ್ಯಾಕೆ ಫೋನ್ ನನ್ನ ಮೂತಿಗೆ ಹಿಡ್ದಿದೀಯೇ" ಅಂತ ಶುರು ಮಾಡಿ, ಬಿಂದಿಗೆ ಸೊಂಟದ ಮೇಲಿಟ್ಟು ಇಟ್ಟು ಸೀರೆ ಆ ಒಂದು ಕಡೆ ಮಾತ್ರ ಸವೀತಿತ್ತು ಅಂದ್ರು. ಪುಸ್ತಕದಲ್ಲಿ ಸಿಗತ್ತಾ ಇದು? "ಕೆರೆ ಚೆನ್ನಾಗಿತ್ತಾ" ಅಂತ ಕೇಳಿದ್ರೆ "ಹೂಂ" ಅಂತಾರೆ ಮುಗೀತು, ಪ್ರಶ್ನೆ ಕೇಳೋದನ್ನೇ ಒಂದು ಪೀರಿಯಡ್ ಪ್ರಾಕ್ಟೀಸ್ ಮಾಡ್ಸಿ.

ಪಾಠಾನೂ ಅದ್ರಿಂದಾನೇ ಎಳೀಬಹುದು, ಹೆಸರಘಟ್ಟದಿಂದ ಪೈಪಲ್ಲಿ ನೀರು ಬಂದ ಮೇಲೆ ಊರೊಳಗಿನ ಕೆರೆ ಯಾರಿಗೂ ಬೇಡವಾಯ್ತು. ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಎದ್ದಿತು, ಉಳಿದಿರೋದು ಕರಗದ ಪೂಜೆಗೆ ಅಂತ ಒಂದು ಸಣ್ಣ ಕಲ್ಯಾಣಿ. ಯಾಕೆ ಹೀಗಾಯ್ತು ಅಂತ ಮಕ್ಕಳೇ ವಾದ ಮಾಡ್ಲಿ.

ಆಡಿಯೋ_ಹುಚ್ಚ:
ಮಿಕ್ಸಿಗೆ ಔಷಧಿ: ಫೋನ್ ಫ್ಲೈಟ್ ಮೋಡಲ್ಲಿ, ಬಾಯಿಂದ ಒಂದು ಗೇಣು ದೂರ, ನೇರ ಹಿಡೀಬೇಡಿ ಸ್ವಲ್ಪ ಓರೆಗೆ, ಇಲ್ದಿದ್ರೆ ಪ ಫ ಬ ಭ ಬಂದಾಗೆಲ್ಲ ಫಟ್ ಫಟ್ ಅನ್ನತ್ತೆ. ಸ್ಟುಡಿಯೋ ಬೇಕಿಲ್ಲ, ಸೀರೆ ತುಂಬಿರೋ ಬೀರು ಬಾಗಿಲು ತೆಗೆದು ಅದ್ರ ಮುಂದೆ ನಿಂತು ಮಾತಾಡಿದ್ರೆ ರೂಮಿನ ಗುಂಯ್ ಕಮ್ಮಿಯಾಗತ್ತೆ. ಎಡಿಟಿಂಗಿಗೆ ಲ್ಯಾಬಲ್ಲಿ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಸಾಕು, ಫ್ರೀ. ಸೇವ್ ಮಾಡುವಾಗ ಕ್ವಾಲಿಟಿ 64 ಕೆಬಿಪಿಎಸ್, ಮೋನೋ (ಒಂದೇ ಚಾನೆಲ್) ಅಂತ ಇಟ್ರೆ ನಿಮಿಷಕ್ಕೆ ಅರ್ಧ ಎಂಬಿ, 5 ನಿಮಿಷದ್ದು ವಾಟ್ಸಾಪಲ್ಲಿ ಆರಾಮಾಗಿ ಹೋಗತ್ತೆ. ಕೆಂಪಾಂಬುಧಿ ಕೆರೆ ಹತ್ರ ರೆಕಾರ್ಡ್ ಮಾಡಿದ್ರೆ ಆಟೋ ಹಾರ್ನ್ ತೆಗೀಬೇಡಿ, ಅದೂ ಕಥೆನೇ.

ಎರಡು_ಮಕ್ಕಳ_ತಾಯಿ:
ಟೀಚರ್ ಅಲ್ಲ, ಪೇರೆಂಟಾಗಿ ಹೇಳ್ತೀನಿ. ನನ್ನ ಮಗಳ ರೆಕಾರ್ಡಿಂಗ್ ಯಾರೋ ಸ್ಕೂಲ್ ಗ್ರೂಪಿಂದ ಆಚೆ ಕಳಿಸಿದ್ರು, ಅವಳ 'ಶ' 'ಸ' ಇಟ್ಕೊಂಡು ಹುಡುಗ್ರು ಒಂದು ತಿಂಗಳು ಆಡ್ಕೊಂಡ್ರು, ಅಲ್ಲಿಂದ ಕ್ಲಾಸಲ್ಲಿ ಬಾಯೇ ಬಿಡ್ತಿಲ್ಲ. ದಯವಿಟ್ಟು ಯೂಟ್ಯೂಬಿಗೆ ಹಾಕೋ ಮುಂಚೆ ಕೇಳಿ. 2023ರ ಡೇಟಾ ಕಾನೂನಲ್ಲೂ 18ರ ಒಳಗಿನ ಮಕ್ಕಳ ಮಾಹಿತಿಗೆ ಪೇರೆಂಟ್ಸ್ ಒಪ್ಪಿಗೆ ಅಂತಿದೆ. ಸಿನಿಮಾ ಹಾಡು ಹಿಂದೆ ಹಾಕ್ಬೇಡಿ ಅಂತಾನೂ ಹೇಳಿ, ಕಾಪಿರೈಟ್ ತಲೆನೋವು.

ಚಾಕ್‌ಪೀಸ್_ಮೇಷ್ಟ್ರು:
ಮೇಡಂ ಹೇಳಿದ್ದು ನಿಜ, ನಾವು ಕ್ಲಾಸಲ್ಲಿ ಮಾತ್ರ ಕೇಳಿಸ್ತೀವಿ. ಮಾರ್ಕ್ಸ್ ದನಿಗೆ ಕೊಡ್ಬೇಡಿ, ಯಾರನ್ನ ಕೇಳಿದ್ರು, ಏನ್ ಕೇಳಿದ್ರು, ಕೇಳಿದ್ದನ್ನ ಇನ್ನೊಂದು ಕಡೆ ತಾಳೆ ನೋಡಿದ್ರಾ, ಅದಕ್ಕೆ ಕೊಡಿ.

ಗವಿಪುರ_ಟೀಚರ್:
ಎಲ್ರಿಗೂ ಥ್ಯಾಂಕ್ಸ್. ಅದೇ ಹುಡುಗನ ಕೈಯಿಂದ ನೆನ್ನೆ ಹಾಳೆ ಇಸ್ಕೊಂಡೆ. ಒಂದೆರಡು ನಿಮಿಷ ತಲೆ ಕೆರ್ಕೊಂಡು ನಿಂತಿದ್ದ, ಆಮೇಲೆ "ನಾವು ಮೆಜೆಸ್ಟಿಕಲ್ಲಿ ಬಸ್ಸಿಗೆ ಕಾಯ್ತೀವಲ್ಲ, ಅಲ್ಲಿ ನೀರಿತ್ತಂತೆ ಕಣ್ರೋ" ಅಂತ ಶುರು ಮಾಡ್ದ. ಇವತ್ತು ಮನೇಲಿ ಮತ್ತೆ ರೆಕಾರ್ಡ್ ಮಾಡಿ ಕಳ್ಸಿದಾನೆ. ಮಿಕ್ಸಿ ಇನ್ನೂ ಇದೆ, ಈ ಸಲ ಮಧ್ಯದಲ್ಲಿ "ಅಮ್ಮಾ ಒಂದ್ನಿಮಿಷ ಆಫ್ ಮಾಡೇ" ಅಂತಾನೂ ಇದೆ.