ಯುವಜನರ ಶಿಕ್ಷಣ ಸಂಸ್ಥೆಯಲ್ಲಿ ಕೆಲಸ: ಕೊಡಗಿನಲ್ಲಿ ಅನುಭವ ಇರುವವರು ತಿಳಿಸುವಿರಾ?

ಪ್ರಶ್ನೆ: ಬಾಳೆಲೆಯ ಓದುಗಿ

ಎಲ್ಲರಿಗೂ ನಮಸ್ಕಾರ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಈ ಬೇಸಿಗೆಯಲ್ಲಿ ಮೈಸೂರಿನಿಂದ ಊರಿಗೆ ಮರಳಿದ್ದೇನೆ. ಯುವಜನರ ಶಿಕ್ಷಣಕ್ಕಾಗಿ ಕೆಲಸ ಮಾಡುವ ಒಂದು ಸ್ವಯಂಸೇವಾ ಸಂಸ್ಥೆ ಪೊನ್ನಂಪೇಟೆ ತಾಲ್ಲೂಕಿನ ಕ್ಷೇತ್ರ ಸಂಯೋಜಕಿಯ ಹುದ್ದೆಗೆ ನನ್ನನ್ನು ಆಯ್ಕೆ ಮಾಡಿದೆ. ತೋಟದ ಕೂಲಿಕಾರರ ಲೈನ್‌ಮನೆಗಳಲ್ಲಿ ಮತ್ತು ಆದಿವಾಸಿಗಳ ಹಾಡಿಗಳಲ್ಲಿ ಓದು ನಿಲ್ಲಿಸಿರುವ 14ರಿಂದ 20 ವರ್ಷದವರನ್ನು ಗುರುತಿಸಿ, ಅವರನ್ನು ಮತ್ತೆ ಶಾಲೆಗೋ, ಎಸ್ಸೆಸ್ಸೆಲ್ಸಿ ಪರೀಕ್ಷೆಗೋ, ಐಟಿಐಗೋ ಸೇರಿಸುವುದು ಕೆಲಸವಂತೆ. ಒಪ್ಪಂದ ಹನ್ನೊಂದು ತಿಂಗಳದ್ದು. ಬಿ.ಎಡ್. ಮಾಡಿ ಸರ್ಕಾರಿ ನೇಮಕಾತಿಗೆ ಕಾಯುವುದೇ ಮೇಲು ಎಂದು ಅಪ್ಪ ಹೇಳುತ್ತಾರೆ. ಅಮ್ಮನಿಗೆ ಆನೆಯದೇ ಚಿಂತೆ. ದಿನದ ಕೆಲಸ ನಿಜವಾಗಿ ಹೇಗಿರುತ್ತದೆ, ಎರಡು ಮೂರು ವರ್ಷ ಇದರಲ್ಲಿ ನಿಲ್ಲಬಹುದೇ ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಏಳು ಮಳೆಗಾಲ

ಸಿದ್ದಾಪುರ ಮತ್ತು ವಿರಾಜಪೇಟೆಯ ಕಡೆ ಏಳು ವರ್ಷ ಇದೇ ಕೆಲಸ ಮಾಡಿದ್ದೇನೆ. ಸೇರುವ ಮೊದಲು ಒಂದು ಸಂಗತಿ ನಿಮ್ಮ ಮನಸ್ಸಿನಲ್ಲಿರಲಿ. ಸಂಸ್ಥೆಯ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ, ಆದರೆ ನೀವು ಭೇಟಿಯಾಗಲಿರುವ ಹುಡುಗ ಹುಡುಗಿಯರ ವರ್ಷವನ್ನು ನಡೆಸುವುದು ಕಾಫಿ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಆರಂಭವಾಗಿ, ಅದರ ಬೆನ್ನಿಗೇ ರೋಬಸ್ಟಾ ಹಣ್ಣಾಗಿ, ಫೆಬ್ರುವರಿ ಕಳೆಯುವವರೆಗೂ ತೋಟದಲ್ಲಿ ಯಾರಿಗೂ ಬಿಡುವಿರುವುದಿಲ್ಲ. ರೋಬಸ್ಟಾ ಹಣ್ಣಿಗೆ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವುದರಿಂದ, ಮನೆಯಲ್ಲಿ ಕೊಯ್ಯುವ ಕೈ ಒಂದು ಹೆಚ್ಚಾದರೆ ಶನಿವಾರದ ಬಟವಾಡೆಯೂ ಅಷ್ಟು ಹೆಚ್ಚುತ್ತದೆ. ನೀವು ಜುಲೈನಲ್ಲಿ ಹತ್ತು ಬಾರಿ ಮಾತಾಡಿ ಶಾಲೆಗೆ ಕಳುಹಿಸಿದ ಹುಡುಗ ಡಿಸೆಂಬರ್‌ನಲ್ಲಿ ಚೀಲ ಹಿಡಿದು ಗಿಡದ ಕೆಳಗೆ ನಿಂತಿರುತ್ತಾನೆ. ಅದು ಸೋಲೆಂದು ಮೊದಲ ವರ್ಷ ನಾನು ಬಹಳ ನೊಂದಿದ್ದೆ. ಅವನು ಮಾರ್ಚ್‌ನಲ್ಲಿ ತಾನಾಗಿಯೇ ನಮ್ಮ ಕೇಂದ್ರಕ್ಕೆ ಬಂದ ಮೇಲಷ್ಟೇ ಲೆಕ್ಕ ಹಾಕುವ ಬೇರೆ ರೀತಿ ಕಲಿತೆ.

ತೊಂದರೆಯೆಂದರೆ, ಹಣ ಕೊಡುವವರು ಲೆಕ್ಕ ಕೇಳುವುದೂ ಅದೇ ತಿಂಗಳುಗಳಲ್ಲಿ. 2013ರ ಕಂಪನಿಗಳ ಕಾಯ್ದೆಯ ಪ್ರಕಾರ ನಿಗದಿತ ಗಾತ್ರಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕು. ನಮ್ಮಂಥವರ ಸಂಬಳ ಬಹುಮಟ್ಟಿಗೆ ಬರುವುದು ಅಲ್ಲಿಂದಲೇ, ಮತ್ತು ಅವರ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಹೀಗಾಗಿ ಮೊದಲ ಸಮೀಕ್ಷೆಗೆ ಹೊರಟಾಗ ಜಿಲ್ಲಾಡಳಿತ ಮಳೆಗಾಗಿ ಶಾಲೆಗಳಿಗೆ ರಜೆ ಘೋಷಿಸಿರುತ್ತದೆ, ಕೊನೆಯ ಸಮೀಕ್ಷೆಗೆ ಹೊರಟಾಗ ಮಕ್ಕಳು ತೋಟದಲ್ಲಿರುತ್ತಾರೆ. ಬೆಂಗಳೂರಿನ ಕಚೇರಿಗೆ ಇದನ್ನು ಬಿಡಿಸಿ ಹೇಳುವುದೂ ನಿಮ್ಮ ಕೆಲಸದ ಭಾಗವೇ. ನೇಮಕ ಪತ್ರದಲ್ಲಿ ಮಾತ್ರ ಅದನ್ನು ಯಾರೂ ಬರೆಯುವುದಿಲ್ಲ.

ಕಾನೂನಿನ ಆಸರೆಯೂ ಈ ವಯಸ್ಸಿಗೆ ತೆಳುವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಸಂಬಂಧಿಸಿದ್ದು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯು 14ರಿಂದ 18 ವರ್ಷದವರಿಗೆ ನಿಷೇಧಿಸಿರುವುದು ಅಪಾಯಕಾರಿ ಎಂದು ಪಟ್ಟಿ ಮಾಡಿದ ಕೆಲಸಗಳನ್ನು ಮಾತ್ರ. ಆದ್ದರಿಂದ ಹದಿನೈದರ ಹುಡುಗನ ಮನೆಯಲ್ಲಿ ಕಾನೂನು ಹೇಳಿ ಗೆಲ್ಲಲಾರಿರಿ, ಮತ್ತೆ ಮತ್ತೆ ಹೋಗಿ ಕೂರಬೇಕು. ಲೈನ್‌ಮನೆಗೆ ಹೋಗುವ ಮುನ್ನ ತೋಟದ ರೈಟರಿಗೆ, ಅಂದರೆ ಲೆಕ್ಕ ನೋಡುವ ಗುಮಾಸ್ತರಿಗೆ, ಒಂದು ಮಾತು ತಿಳಿಸಿ. ತಿಳಿಸದೆ ಹೋದರೆ ನಿಮಗೇನೂ ಆಗುವುದಿಲ್ಲ, ಮರುದಿನ ಪ್ರಶ್ನೆ ಎದುರಿಸುವವರು ಆ ಮನೆಯವರು. ಭಾನುವಾರ ಮನೆಯಲ್ಲಿ ಸಿಗುತ್ತಾರೆಂದು ಭಾವಿಸಬೇಡಿ, ಸಂತೆಯಲ್ಲಿ ಸಿಗುತ್ತಾರೆ. ನನ್ನ ಅತ್ಯುತ್ತಮ ಮಾತುಕತೆಗಳು ನಡೆದದ್ದು ಒಣಮೀನಿನ ಅಂಗಡಿಯ ಪಕ್ಕದಲ್ಲಿ.

ಅಮ್ಮನ ಚಿಂತೆ ಸಕಾರಣವಾದದ್ದೇ. ಬೆಳಿಗ್ಗೆ ಹೊರಡುವ ಮುನ್ನ ಆ ಕಡೆಯವರಿಗೆ ಫೋನ್ ಮಾಡಿ ಆನೆ ಹಿಂಡು ಎಲ್ಲಿದೆ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ, ಕತ್ತಲಾಗುವ ಹೊತ್ತಿಗೆ ತೋಟದ ಒಳದಾರಿಯಲ್ಲಿ ಇರಬೇಡಿ.

ಉತ್ತರ: ಸೋಮವಾರಪೇಟೆ ಮೇಷ್ಟ್ರು

ಸರ್ಕಾರಿ ಪ್ರೌಢಶಾಲೆಯ ಶಿಕ್ಷಕನಾಗಿ ಇನ್ನೊಂದು ಬದಿಯಿಂದ ಬರೆಯುತ್ತಿದ್ದೇನೆ. ಸಂಸ್ಥೆಗಳ ಬಗ್ಗೆ ನಮ್ಮಲ್ಲಿ ಮುನಿಸಿದೆ, ಅದಕ್ಕೆ ಕಾರಣವೂ ಇದೆ: ಹತ್ತನೆಯ ತರಗತಿಯ ಪಾಠ ಮುಗಿಸಲು ಒದ್ದಾಡುವ ಜನವರಿಯಲ್ಲಿ ಬಂದು, ಎರಡು ಪಿರಿಯಡ್ ಕೇಳಿ, ಆಟ ಆಡಿಸಿ, ಫೋಟೊ ತೆಗೆದುಕೊಂಡು ಹೋದವರನ್ನು ನಾನು ನೋಡಿದ್ದೇನೆ. ನೀವು ಹಾಗೆ ಮಾಡದೆ, ನಮ್ಮ ಹಾಜರಿ ಪುಸ್ತಕದಲ್ಲಿ ಹದಿನೈದು ದಿನದಿಂದ ಬಾರದವರ ಹೆಸರುಗಳನ್ನು ಕೇಳಿ ಬರೆದುಕೊಂಡು ಹೋದರೆ ಮುಂದಿನ ಬಾರಿ ಕಾಫಿ ಕೊಟ್ಟು ಕೂರಿಸುತ್ತೇವೆ. ಶಾಲೆ ಬಿಟ್ಟು ಆ ಮನೆಗಳಿಗೆ ಹೋಗಲು ನಮಗೆ ಸಮಯವಿಲ್ಲ, ನಿಮಗಿದೆ.

ಮೇಲಿನವರು ಹೇಳಿದ ಕಾಫಿಯ ಲೆಕ್ಕಕ್ಕೆ ಒಂದು ಮಾತು ಸೇರಿಸುತ್ತೇನೆ. 2024ರಿಂದ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆ ಮಾರ್ಚ್ ತಿಂಗಳಲ್ಲಿ ಆರಂಭವಾದರೆ ಎರಡನೆಯದು ಮೇ, ಜೂನ್ ಹೊತ್ತಿಗೆ ಬರುತ್ತಿದೆ. ಕೊಯ್ಲು ಮುಗಿದು, ಮಳೆ ಹಿಡಿಯುವ ಮುನ್ನ ಸಿಗುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಅನುತ್ತೀರ್ಣರಾದವರನ್ನು ಕೂರಿಸಿ ಗಣಿತ, ಇಂಗ್ಲಿಷ್ ಹೇಳಿಕೊಟ್ಟರೆ ಫಲ ಸಿಗುತ್ತದೆ. ಆದರೆ ಅದೇ ತಿಂಗಳುಗಳಲ್ಲಿ ನಿಮ್ಮಂಥವರ ಒಪ್ಪಂದ ಮುಗಿದು, ಹೊಸದಕ್ಕೆ ಸಹಿ ಬಿದ್ದಿರುವುದಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಏಳು ಮಕ್ಕಳಿಗೆ ಕಲಿಸುತ್ತಿದ್ದ ಯುವಕ ಏಪ್ರಿಲ್ ಮೊದಲ ವಾರದಲ್ಲೇ ಕಾಣೆಯಾದ.

ಭಾಷೆಯ ವಿಷಯ. ಆದಿವಾಸಿಗಳಾದ ಎರವರ ಮನೆಯಲ್ಲಿ ಅವರದೇ ರಾವುಳ, ಇನ್ನೊಂದು ಮನೆಯಲ್ಲಿ ಅರೆಭಾಷೆ, ಮಲಯಾಳ ಅಥವಾ ತಮಿಳು, ಈಚೆಗೆ ಅಸ್ಸಾಮಿನಿಂದ ಬಂದವರ ಲೈನಿನಲ್ಲಿ ಮತ್ತೊಂದು. ಕನ್ನಡ ಓದಲು ಬಾರದ ಹುಡುಗನನ್ನು ದಡ್ಡನೆಂದು ಯಾರಾದರೂ ವರದಿಯಲ್ಲಿ ಬರೆದರೆ ದಯವಿಟ್ಟು ತಿದ್ದಿ.

ಉತ್ತರ: ಕುಶಾಲನಗರದಿಂದ

ನಾನು ನಾಲ್ಕು ವರ್ಷ ಇಂಥ ಒಂದು ಸಂಸ್ಥೆಯಲ್ಲಿದ್ದು ಬಿಟ್ಟವಳು. ಬಿಟ್ಟದ್ದು ಬೇಸರದಿಂದಲ್ಲ, ಸಂಬಳ ಸಾಲದೆ. ಹನ್ನೊಂದು ತಿಂಗಳ ಒಪ್ಪಂದವೆಂದರೆ ನಡುವಿನ ಒಂದು ತಿಂಗಳ ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯನಿಧಿಯ ನಿಯಮ ಅನ್ವಯಿಸುತ್ತದೆ. ಸೇವಾ ಮನೋಭಾವ ಎಂಬ ಮಾತಿನಲ್ಲಿ ಅದು ಕರಗಿಹೋಗಬಾರದು. ಬೈಕಿನ ಪೆಟ್ರೋಲಿನ ಹಣವನ್ನೂ ಕೇಳಿ, ನಾಚಿಕೆ ಬೇಡ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾಗಿದೆಯಾದರೂ ನಮ್ಮ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು.

ಇನ್ನೊಂದು ವಿಷಯವನ್ನು ತರಬೇತಿಯಲ್ಲಿ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಆರು ತಿಂಗಳು ಜೊತೆಗಿದ್ದ ಮೇಲೆ ಹುಡುಗಿಯೊಬ್ಬಳು, ಅಕ್ಕ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿ ಎನ್ನುತ್ತಾಳೆ. ಆಣೆ ಮಾಡಬೇಡಿ. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ನಿಮ್ಮ ಕರ್ತವ್ಯ, ಬಿಟ್ಟುಬಿಡುವ ಆಯ್ಕೆ ನಿಮಗಿಲ್ಲ. ನಾನು ಆಣೆ ಮಾಡಿದ್ದೆ, ಆಮೇಲೆ ಅದನ್ನು ಮುರಿಯಬೇಕಾಯಿತು. ಆಕೆ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ಮೊದಲ ದಿನವೇ ಎಲ್ಲ ಮಕ್ಕಳಿಗೂ, ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಎಂದು ಹೇಳಿಬಿಡಿ. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ.

ಪ್ರಶ್ನಿಸಿದವರು: ಬಾಳೆಲೆಯ ಓದುಗಿ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಅವರ ಗೋಣಿಕೊಪ್ಪದ ಕಚೇರಿಗೆ ಹೋಗುತ್ತಿದ್ದೇನೆ. ಸಂಬಳದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಕೆಲಸದ ಬಗ್ಗೆ ಒಂದೇ ಪ್ರಶ್ನೆ ಕೇಳಬಹುದಾದರೆ ಯಾವುದನ್ನು ಕೇಳಲಿ?

ಉತ್ತರ: ಏಳು ಮಳೆಗಾಲ

ಹಿಂದಿನ ಸಂಯೋಜಕರು ಯಾವ ತಿಂಗಳಲ್ಲಿ ಬಿಟ್ಟರು ಎಂದು ಕೇಳಿ. ಮಾರ್ಚ್ ಎಂದರೆ, ನಿಮ್ಮ ಒಪ್ಪಂದವನ್ನು ಜೂನ್‌ವರೆಗೆ ಬರೆಸಿಕೊಳ್ಳಲು ನೋಡಿ; ಮೇಷ್ಟ್ರು ಹೇಳಿದ ಆ ಎರಡು ತಿಂಗಳು ನಿಮ್ಮ ಕೈಯಲ್ಲಿರಲಿ. ಜುಲೈ ಎಂದರೆ, ಒಳ್ಳೆಯ ರೈನ್‌ಕೋಟ್ ಕೊಳ್ಳಿ.