ಮೂರೂವರೆ ವರ್ಷದ ಮಗಳಿಗೆ ಮಧ್ಯಾಹ್ನದ ನಿದ್ದೆ ಬಿಡಿಸಬೇಕಾ?

ಕೇಳಿದವರು:
ಮಗಳು ನರ್ಸರಿಯಿಂದ ಹನ್ನೆರಡೂವರೆಗೆ ಬರ್ತಾಳೆ, ಊಟ ಮುಗಿಯೋ ಹೊತ್ತಿಗೆ ಎರಡು. ಆಡ್ತಾ ಆಡ್ತಾ ನಾಲ್ಕಕ್ಕೆ ಸೋಫಾ ಮೇಲೆ ಬಿದ್ದುಕೊಂಡರೆ ಏಳೋದು ಆರಕ್ಕೆ. ರಾತ್ರಿ ಹನ್ನೊಂದೂವರೆ ಆದರೂ ಕಣ್ಣು ಮುಚ್ಚಲ್ಲ. ಬೆಳಿಗ್ಗೆ ಏಳೂವರೆಗೆ ಎಬ್ಬಿಸಿದರೆ ಅಳು, ರಂಪ. ಹಗಲು ನಿದ್ದೆ ಪೂರ್ತಿ ನಿಲ್ಲಿಸೋಣ ಅಂತಾರೆ ನಮ್ಮವರು. ಬೆಳೆಯೋ ಮಗು, ಬೇಡ ಅಂತಾರೆ ಅತ್ತೆ. ನಿಮ್ಮನೆಗಳಲ್ಲಿ ಏನು ಮಾಡಿದ್ರಿ?

ಮೈಸೂರಿನಿಂದ, ಇಬ್ಬರು ಮಕ್ಕಳ ತಾಯಿ:
ನಿಲ್ಲಿಸೋಕೆ ಮುಂಚೆ ಹೊತ್ತು ಬದಲಾಯಿಸಿ ನೋಡಿ. ಸಂಜೆ ಆರಕ್ಕೆ ಎದ್ದ ಮಗುಗೆ ಒಂಬತ್ತಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಎಚ್ಚರ ಇದ್ದಷ್ಟೂ ನಿದ್ದೆಯ ಒತ್ತಡ ಮೈಯಲ್ಲಿ ಕೂಡ್ತಾ ಹೋಗುತ್ತೆ, ಸಂಜೆ ಮಲಗಿದರೆ ಅದೆಲ್ಲ ಕರಗಿಹೋಗುತ್ತೆ. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ನಿಮ್ಮ ಮಗಳದ್ದು ರಾತ್ರಿ 8, ಹಗಲು 2. ಅಲ್ಲಿಗಲ್ಲಿಗೆ ಆಯ್ತು. ಅದರಲ್ಲೂ ಎರಡು ಗಂಟೆ ಒಮ್ಮೆಲೇ ಕಿತ್ತುಕೊಂಡರೆ ಸಂಜೆ ಏಳರ ಹೊತ್ತಿಗೆ ತಟ್ಟೆ ಮುಂದೆ ತೂಕಡಿಸ್ತಾಳೆ, ಇಲ್ಲಾ ಮನೆ ತಲೆ ಮೇಲೆ ಹೊರ್ತಾಳೆ.

ನಾವು ಶುರು ಮಾಡಿದ್ದು ಬೆಳಿಗ್ಗೆಯಿಂದ. ರಾತ್ರಿ ಎಷ್ಟೊತ್ತಿಗೇ ಮಲಗಿರಲಿ, ಏಳಕ್ಕೆ ಎಬ್ಬಿಸೋದೇ, ಭಾನುವಾರನೂ. ಸ್ಕೂಲಿಂದ ಬಂದ ತಕ್ಷಣ ಕೈಕಾಲು ತೊಳೆಸಿ ಊಟ, ಒಂದೂಕಾಲಕ್ಕೆ ಹಾಸಿಗೆ, ಎರಡೂಮುಕ್ಕಾಲಿಗೆ ಎಬ್ಬಿಸೋದು. ಈ ಎಬ್ಬಿಸೋದೇ ದೊಡ್ಡ ಕೆಲಸ ನೋಡಿ. ಫ್ಯಾನ್ ಆರಿಸಿ, ಕಿಟಕಿ ತೆಗೆದು, ಪಕ್ಕದಲ್ಲೇ ಕೂತು ಅವರೆಕಾಯಿ ಸುಲೀತಿದ್ದೆ. ದೊಡ್ಡವನು ಒಂದು ಕಣ್ಣು ತೆಗೆದು ನೋಡಿ, ತಾನೂ ಸುಲೀತೀನಿ ಅಂತ ಮಲಗಿದಲ್ಲಿಂದಲೇ ಕೈ ಚಾಚ್ತಿದ್ದ. ಗಾಢ ನಿದ್ದೆಯಿಂದ ಎದ್ದ ಮಕ್ಕಳು ಒಂದಿಷ್ಟು ಹೊತ್ತು ಕಿರಿಕಿರಿ ಮಾಡೋದು ಸಹಜ, ಆಗ ಮಾತಾಡಿಸೋಕೇ ಹೋಗಬೇಡಿ. ರಾತ್ರಿ ಮಲಗೋದನ್ನ ಕಾಲು ಕಾಲು ಗಂಟೆಯಾಗಿ ಮುಂಚೆ ಮಾಡ್ತಾ ಬನ್ನಿ.

ಧಾರವಾಡದಿಂದ:
ನಮ್ಮ ಮನ್ಯಾಗೂ ಇದ ಕಥಿ ಇತ್ರಿ. ನಮ್ಮದು ಕೂಡು ಕುಟುಂಬ. ಒಬ್ರು ಊಟಕ್ಕ ಕುಂತ್ರ ಇನ್ನೊಬ್ರು ಟಿವಿ ಮುಂದ. ಅವರಪ್ಪ ಅಂಗಡಿ ಮುಚ್ಚಿ ಒಂಬತ್ತಕ್ಕ ಬಂದವ್ರು ಕೂಸಿನ್ನ ಎತ್ತಿ ಹಾರಿಸಿ ಆಡ್ಸೂದು, ಅಲ್ಲಿಗೆ ನಿದ್ದಿ ಹ್ವಾದಂಗ. ದಿನಾಪೂರ್ತಿ ಮಗಳ ಮುಖ ನೋಡದವ್ರಿಗೆ ಆಡಸಬ್ಯಾಡ್ರಿ ಅನ್ನಾಕ ಆಗತದೇನ್ರಿ? ಕೆಲಸ ಬದಲಿ ಮಾಡಿದ್ವಿ. ಹಲ್ಲು ತಿಕ್ಕಿಸಿ, ದೀಪ ಆರಿಸಿ ಕಥಿ ಹೇಳೂದು ಅವ್ರ ಪಾಲಿಗೆ. ದಿನಾ ಅದ ಗುಬ್ಬಿ-ಕಾಗಿ ಕಥಿ, ಒಂದು ಮಾತು ಆಚೆ ಈಚೆ ಆದ್ರ ಮಗಳ ಬೈತಾಳ. ಅರ್ಧ ಕಥ್ಯಾಗ ಅಪ್ಪಗ ಮೊದಲ ನಿದ್ದಿ ಹತ್ತತದ, ಅದು ಬ್ಯಾರೆ ಮಾತು.

ಹಾಸನ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ:
ಕೇಂದ್ರದಲ್ಲಿ ಊಟ ಆದ ಮೇಲೆ ಜಮಖಾನ ಹಾಸ್ತೀವಿ. ಮೂರು ವರ್ಷದವರು ಬಿದ್ದ ತಕ್ಷಣ ನಿದ್ದೆ. ಐದು ದಾಟಿದವರಲ್ಲಿ ಎಷ್ಟೋ ಜನ ಪಕ್ಕದವರ ಜಡೆ ಎಳೀತಾ ಹೊರಳಾಡ್ತಿರ್ತಾರೆ. ಮಲಗು ಅಂದಷ್ಟೂ ಹಟ. “ನಿದ್ದೆ ಮಾಡಬೇಡ, ಸುಮ್ನೆ ಒರಗಿಕೊಂಡಿರು” ಅಂದರೆ ಸಾಕು, ಬೇಕಾದವರು ಮಲಗ್ತಾರೆ, ಬೇಡದವರು ಚಿತ್ರದ ಪುಸ್ತಕ ತಿರುವ್ತಾರೆ. ಹಗಲು ಮಲಗದೆಯೂ ಮಗು ಸಂಜೆವರೆಗೆ ಗೆಲುವಾಗಿದ್ದರೆ ಬಿಡಿಸೋ ಕಾಲ ಬಂತು ಅಂತ ತಿಳ್ಕೊಳ್ಳಿ. ಸಾಮಾನ್ಯವಾಗಿ ಮೂರರಿಂದ ಐದು ವರ್ಷದೊಳಗೆ ತಾನಾಗೇ ಬಿಡ್ತಾರೆ. ಸಂಜೆ ಟೀ ಕೊಡೋದಿದ್ದರೆ ಅದನ್ನ ಮಾತ್ರ ಇವತ್ತೇ ನಿಲ್ಲಿಸಿ. ಬಿಸ್ಕತ್ತು ಅದ್ದಿಕೊಳ್ಳುತ್ತೆ ಅಷ್ಟೇ ಅಂತಾರೆ, ಅದ್ದಿ ಅದ್ದಿ ಅರ್ಧ ಲೋಟ ಖಾಲಿ ಆಗಿರುತ್ತೆ!

ನೆದರ್‌ಲ್ಯಾಂಡ್ಸ್‌ನಿಂದ ಒಬ್ಬ ಅಪ್ಪ:
ಇಲ್ಲಿ ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕು. “ಅಪ್ಪಾ, ಇನ್ನೂ ಹಗಲು” ಅಂತಾನೆ ಮಗ, ಏನು ಹೇಳೋದು? ದಪ್ಪ ಕಪ್ಪು ಪರದೆ ಹಾಕಿದ ಮೇಲೆ ದಾರಿಗೆ ಬಂದ. ನಿಮ್ಮಲ್ಲಿ ಸೂರ್ಯ ಬೇಗ ಮುಳುಗ್ತಾನೆ, ಟ್ಯೂಬ್‌ಲೈಟ್ ಮುಳುಗಲ್ಲ. ನಿದ್ದೆಗೆ ಬೇಕಾದ ಮೆಲಟೋನಿನ್ ಕತ್ತಲಾದಾಗ ಏರೋದು, ಬೆಳಕು ಅದನ್ನ ತಡೆಯೋದು ದೊಡ್ಡವರಿಗಿಂತ ಮಕ್ಕಳಲ್ಲಿ ಜಾಸ್ತಿ. ಎಂಟರ ಮೇಲೆ ಸಣ್ಣ ಹಳದಿ ಬಲ್ಬ್ ಸಾಕು. ಮೊಬೈಲ್ ಮಲಗೋಕೆ ಒಂದು ಗಂಟೆ ಮುಂಚೆಯೇ ಕಣ್ಣಿಗೆ ಕಾಣದ ಕಡೆ.

ತುಮಕೂರಿನಿಂದ:
ಗೊರಕೆ ಹೊಡೀತಾಳಾ, ಬಾಯಿ ತೆರೆದು ಮಲಗ್ತಾಳಾ ನೋಡಿ. ನನ್ನ ತಮ್ಮನ ಮಗ ಎಷ್ಟು ಮಲಗಿದರೂ ಬೆಳಿಗ್ಗೆ ಸುಸ್ತು. ಕಿವಿ-ಮೂಗು-ಗಂಟಲು ಡಾಕ್ಟರು ನೋಡಿ ಅಡಿನಾಯ್ಡ್, ಅಂದರೆ ಮೂಗಿನ ಹಿಂದೆ ಇರೋ ಗಡ್ಡೆಯಂಥ ಮಾಂಸ, ಊದಿದೆ ಅಂದ್ರು. ಅಂಥದ್ದಿದ್ದರೆ ಯಾವ ಟೈಮ್‌ಟೇಬಲ್ಲೂ ಕೆಲಸ ಮಾಡಲ್ಲ. ಉಸಿರು ನಿಂತು ನಿಂತು ಬರ್ತಿದ್ದರೆ ತಡ ಮಾಡಬೇಡಿ.

ಕೇಳಿದವರು:
ಗೊರಕೆ ಇಲ್ಲ, ಸದ್ಯ. ಒಂದೂಕಾಲಕ್ಕೆ ಮಲಗಿಸಿ ನೋಡ್ತೀನಿ. ಮನೆಗೆ ಬರೋ ವ್ಯಾನಲ್ಲೇ ಹತ್ತು ನಿಮಿಷ ನಿದ್ದೆ ಹೊಡೆದುಬಿಟ್ಟರೆ?

ಮೈಸೂರಿನಿಂದ, ಇಬ್ಬರು ಮಕ್ಕಳ ತಾಯಿ:
ಅಯ್ಯೋ, ಆ ಹತ್ತು ನಿಮಿಷ ಮಧ್ಯಾಹ್ನದ್ದನ್ನೆಲ್ಲ ನುಂಗಿಬಿಡುತ್ತೆ. ಮಾತಾಡಿಸ್ತಾ ಇರಿ ಅಂತ ವ್ಯಾನಿನ ಆಯಾಗೆ ಹೇಳಿಡಿ. ಹಾಗೂ ಮಲಗಿದ ದಿನ ಅರ್ಧ ಗಂಟೆ ತಡವಾಗಿ ಹಾಸಿಗೆ ಹಾಕಿ, ಮೂರಕ್ಕೆ ಮಾತ್ರ ತಪ್ಪದೆ ಎಬ್ಬಿಸಿ.