ಸಣ್ಣ ಹುಡುಗ್ರಿಗೆ ನಮ್ಮ ಹೊಲದಾಗ ಒಂದಿನದ ಮೇಳ ಮಾಡೋದೈತಿ, ಏನೇನ್ ತೋರಿಸೋಣ್ರಿ?

ತಿಕೋಟಾ_ಸೊಸಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ವಿಜಯಪುರದ ಹತ್ರ ತಿಕೋಟಾ ಕಡೆ ಹೊಲ ಐತಿ, ಒಂದಿಷ್ಟು ದ್ರಾಕ್ಷಿ, ಉಳಿದದ್ದು ಬಿಳಿಜ್ವಾಳ, ಕಡ್ಲಿ, ಮತ್ತ ಎರಡು ಎಮ್ಮಿ, ಒಂದ್ ಜೋಡಿ ಖಿಲಾರಿ ಎತ್ತು, ಆಡು, ಕೋಳಿ ಅದಾವ. ಸಂಕ್ರಮಣ ಆದ ಮ್ಯಾಲೆ ಒಂದ್ ರವಿವಾರ ನಮ್ಮ ಓಣಿ ಸಣ್ಣ ಹುಡುಗ್ರನ್ನ ಅವರ ಅಪ್ಪ ಅವ್ವನ ಜೋಡಿ ಕರದು ಒಕ್ಕಲತನ ಅಂದ್ರ ಏನಂತ ತೋರಿಸಬೇಕಂತ ಮಾಡೇವಿ, ಯಾಕಂದ್ರ ದಿನಾ ರೊಟ್ಟಿ ತಿನ್ನೋ ಹುಡುಗ್ರು ಜ್ವಾಳದ ತೆನಿ ಕೈಯಾಗ ಹಿಡದಿಲ್ಲ, ಅದು ನನಗ ಭಾಳ ಕಾಡತೈತಿ. ಮೂರರಿಂದ ಏಳು ವರ್ಷದವರು, ನಲವತ್ತರ ತನಕ ಬರಬಹುದು. ಮೈದುನ ಟ್ರ್ಯಾಕ್ಟರ್ ರೌಂಡ್, ಮೈಕ್, ಸ್ಟಾಲ್ ಎಲ್ಲಾ ಇಡೋಣು ಅಂತಾನ. ಅತ್ತಿಯವ್ರು ಅದೇನೂ ಬ್ಯಾಡ, ಹುಡುಗ್ರನ್ನ ಹೊಲಕ್ಕ ಬಿಡ್ರಿ ಸಾಕು ಅಂತಾರ. ಮಾಡಿದ ಅನುಭವ ಇದ್ದವ್ರು ಹೇಳ್ರಿ.

ಬಾಗಲಕೋಟಿ_ಟೀಚರ್:
ನಾನಂತೂ ನಿಮ್ಮ ಅತ್ತಿಯವರ ಕಡೆನ್ರಿ. ಧಾರವಾಡ ಕೃಷಿ ಮೇಳ, ನಮ್ಮ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳ ಇವೆಲ್ಲಾ ದೊಡ್ಡವರಿಗೆ ಭಾಳ ಉಪಯೋಗದವು, ಬೀಜ, ತಳಿ, ಡ್ರಿಪ್ಪು ನೋಡಾಕ ಒಕ್ಕಲಿಗರು ಹೋಗಲೇಬೇಕು, ಆದ್ರ ನಾಕು ವರ್ಷದ ಕೂಸು ಆ ಗದ್ದಲದಾಗ ಬರೇ ಮಂದಿ ಕಾಲು ನೋಡಿಕೊಂಡು ಬರ್ತೈತಿ. ಇಪ್ಪತ್ತು ಸಾಮಾನು ತೋರಿಸೋದಕ್ಕಿಂತ ಒಂದನ್ನ ಹಿಡದು ಕೊನಿತನಕ ಅವರ ಕೈಲೆ ಮಾಡಸ್ರಿ. ಜ್ವಾಳ ತಗೋರಿ. ಮೊದಲು ಹೊಲದಾಗ ನಿಂತ ಬೆಳಿ ಮುಟ್ಟಲಿ, ದಂಟು ತಮಗಿಂತ ಎತ್ತರ ಐತಿ ಅಂತ ಗೊತ್ತಾಗೋದ ಅವರಿಗೆ ಒಂದು ದೊಡ್ಡ ಸುದ್ದಿ. ಆಮ್ಯಾಲೆ ಹೋದ ವರ್ಷದ ಒಣ ತೆನಿ ಇದ್ರ ಚಾಪಿ ಮ್ಯಾಲೆ ಕುಂತು ಉದುರಸಲಿ, ಮೊರದಾಗ ಕೇರಲಿ, ಹೊಟ್ಟು ಹಾರಿ ಕಾಳು ಉಳಿಯೋದು ನೋಡಲಿ. ಮನ್ಯಾಗ ಬೀಸುಕಲ್ಲು ಇದ್ರ ಹೊರಗ ತಗೀರಿ, ಇಬ್ಬಿಬ್ಬರು ಗೂಟ ಹಿಡದು ತಿರುವಲಿ, ಹಿಟ್ಟು ಒಂದು ಮುಷ್ಟಿ ಬಂದ್ರೂ ಸಾಕು. ಅಲ್ಲೇ ಒಲಿ ಹಚ್ಚಿ ಆಯಿ ಒಬ್ಬರು ರೊಟ್ಟಿ ಬಡೀಲಿ, ಹುಡುಗ್ರಿಗೆ ಅಂಗೈಯಷ್ಟು ಹಿಟ್ಟು ಕೊಡ್ರಿ, ಸೊಟ್ಟಾದ್ರೂ ತಾವು ಬಡದ ರೊಟ್ಟಿನ ಅವು ಯಾರಿಗೂ ಕೊಡಂಗಿಲ್ಲ. ಬೇಯಿಸೋದು ಮಾತ್ರ ದೊಡ್ಡವರು, ಒಲಿ ಸುತ್ತ ಹಗ್ಗ ಕಟ್ರಿ.
ಇನ್ನೊಂದು, ಕಣಕಿ ಅಂದ್ರ ಜ್ವಾಳದ ಒಣ ದಂಟು ಎಮ್ಮಿಗೆ ಹಾಕೋದು, ಎಮ್ಮಿ ಹೆಂಡಿ ಕುಳ್ಳಾಗೋದು, ಆ ಕುಳ್ಳಿನ ಮ್ಯಾಲೆ ರೊಟ್ಟಿ ಬೇಯೋದು, ಇಷ್ಟನ್ನ ಅವರು ಅಡ್ಡಾಡಕೋತ ಕಣ್ಣಾರೆ ನೋಡಿದ್ರ ಮೈಕಿನಾಗ ಭಾಷಣ ಬೇಕಾಗಿಲ್ಲ.

ಇಂಡಿ_ಲಿಂಬಿ_ತೋಟ:
ಟೀಚರ್ ಹೇಳಿದ್ದು ಬರೋಬ್ಬರಿ ಐತಿ, ಆದ್ರ ಅದಕ್ಕೂ ಮೊದಲು ಹೊಲ ಒಂದ್ ಸುತ್ತು ಹಾಕಿ ನೋಡ್ರಿ ಅಕ್ಕಾರ. ನಿಮ್ಮ ಕಡೆ ದ್ರಾಕ್ಷಿ ಇದ್ದವ್ರ ಹತ್ರ ಕೃಷಿ ಹೊಂಡ ಇದ್ದ ಇರ್ತಾವ, ಒಳಗ ಪ್ಲಾಸ್ಟಿಕ್ ಹಾಳಿ ಹಾಸಿರ್ತಾರ, ಜಾರಿ ಬಿದ್ರ ಈಜು ಬರೋ ದೊಡ್ಡ ಮನಷ್ಯಾಗೂ ಮ್ಯಾಲೆ ಹತ್ತಾಕ ಆಗಂಗಿಲ್ಲ. ಬೇಲಿ ಇದ್ರೂ ಆ ದಿನ ಅಲ್ಲೊಬ್ಬರನ್ನ ನಿಲ್ಲಸ್ರಿ, ಹೊಂಡದ ಕಡೆ ದಾರಿನ ಬಂದ್ ಮಾಡ್ರಿ. ನೀರು ಬರಲಾರದ ಬೋರ್ ಇದ್ರ ಮುಚ್ಚಳ ಭದ್ರ ಐತೇನು ನೋಡ್ರಿ, 2024ರಾಗ ನಮ್ಮ ತಾಲೂಕಿನ ಲಚ್ಯಾಣದಾಗ ಎರಡು ವರ್ಷದ ಕೂಸು ಬೋರಿನಾಗ ಬಿದ್ದು ಬದುಕಿ ಬಂತು, ಆ ರಾತ್ರಿ ಇಡೀ ಜಿಲ್ಲಾನ ನಿದ್ದಿ ಮಾಡಿಲ್ಲ.
ಮತ್ತ ದ್ರಾಕ್ಷಿ ಪಡದಾಗ ಹುಡುಗ್ರನ್ನ ಬಿಡಬ್ಯಾಡ್ರಿ. ಸಂಕ್ರಮಣದ ಟೈಮಿಗೆ ಕಾಯಿ ಇನ್ನೂ ದಪ್ಪ ಆಗಾಕತ್ತಿರ್ತಾವ, ಬೂದಿರೋಗಕ್ಕ ಅದಕ್ಕ ಇದಕ್ಕ ಔಷಧ ಹೊಡಿತಿರ್ತೀವಿ, ಸಣ್ಣವರು ಕೈಗೆ ಸಿಕ್ಕಿದ್ದನ್ನ ಬಾಯಿಗೆ ಹಾಕತಾವ. ದೂರದಿಂದ ತೋರಸ್ರಿ, ಔಷಧದ ಡಬ್ಬಿ, ಪಂಪು ಎಲ್ಲಾ ಖೋಲಿಯೊಳಗ ಇಟ್ಟು ಕೀಲಿ ಹಾಕ್ರಿ.
ಟ್ರ್ಯಾಕ್ಟರ್ ನಿಲ್ಲಿಸಿ ಕೀಲಿ ತಗದಿಟ್ಟು ಸೀಟಿನ ಮ್ಯಾಲೆ ಒಬ್ಬೊಬ್ಬರನ್ನ ಕುಂದ್ರಿಸಿ ಫೋಟೋ ತಗೀರಿ, ರೌಂಡ್ ಬ್ಯಾಡ. ಮಡಗಾರ್ಡ್ ಮ್ಯಾಲೆ ಕುಂತ ಹುಡುಗ್ರು ಬಿದ್ದು ಗಾಲಿ ಕೆಳಗ ಹ್ವಾದದ್ದು ಎಲ್ಲಾ ಊರಾಗೂ ಆಗೇತಿ. ಚಕ್ಕಡಿ ಇದ್ರ ಅದನ್ನ ಹೂಡ್ರಿ.

ದನದ_ಡಾಕ್ಟರ್_ಬೆಳಗಾವಿ:
ಚಕ್ಕಡಿ ಸರಿ, ಆದರೆ ಖಿಲಾರಿ ಎತ್ತು ಚುರುಕು, ಹೊಸಬರನ್ನ ಕಂಡರೆ ಬೆದರ್ತಾವೆ, ಸಣ್ಣ ಮಕ್ಕಳು ಒಮ್ಮೆಲೆ ಕೂಗಿದರೆ ಇನ್ನೂ ಕಷ್ಟ. ನಿಮ್ಮ ಜೋಡಿ ಸಾಧು ಇದ್ದರೆ ಮಾತ್ರ ಹೂಡಿ, ದಿನಾ ಹೊಡೆಯೋರೇ ಹಗ್ಗ ಹಿಡೀಬೇಕು. ಮುಟ್ಟೋದಕ್ಕೆ ಎಮ್ಮೆ ಒಳ್ಳೇದು, ಅದೂ ಕಟ್ಟಿದ್ದು, ಮುಂದಿನ ಕಡೆಯಿಂದ, ಹಿಂದೆ ಯಾರೂ ನಿಲ್ಲಬಾರದು. ಎಮ್ಮೆ ಮೆಲುಕು ಹಾಕೋವಾಗ ಮಕ್ಕಳಿಗೆ ಬಾಯಿ ನೋಡೋಕೆ ಹೇಳಿ, ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲೇ ಇರೋದಿಲ್ಲ, ಅವರಿಗೆ ಅದು ಬಹಳ ಮಜಾ. ಮರಿ ಹೊಟ್ಟೆಯಲ್ಲಿ ಎಷ್ಟು ದಿನ ಇರುತ್ತೆ ಅಂತ ಕೇಳೇ ಕೇಳ್ತಾರೆ, ಆಡಿಗೆ ಐದು ತಿಂಗಳು, ಎಮ್ಮೆಗೆ ಹತ್ತು ತಿಂಗಳು, ಕೋಳಿ ಮೊಟ್ಟೆಗೆ ಕಾವು 21 ದಿನ.
ಆಡಿನ ಮರಿನ ನಲವತ್ತು ಮಕ್ಕಳು ಎತ್ತಿ ಎತ್ತಿ ಆಡಿಸಿದರೆ ಮರಿ ಹೈರಾಣಾಗುತ್ತೆ. ನೀವು ಹಿಡ್ಕೊಳ್ಳಿ, ಅವರು ಬೆನ್ನು ಸವರಲಿ, ನಡುವೆ ತಾಯಿ ಹತ್ರ ಬಿಡಿ. ಇತ್ತೀಚೆಗೆ ಕಂದು ಹಾಕಿದ, ಅಂದರೆ ಗರ್ಭಪಾತ ಆದ ಆಡು ಇದ್ದರೆ ಅದನ್ನ ಆ ದಿನ ಬೇರೆ ಕಡೆ ಕಟ್ಟಿ, ಬರೋ ತಾಯಂದಿರಲ್ಲಿ ಗರ್ಭಿಣಿಯರು ಇದ್ದರೆ ಆಡು ಕುರಿ ಕೊಟ್ಟಿಗೆ ಕಡೆ ಬರೋದೇ ಬೇಡ. ಹಸಿ ಹಾಲು ಕುಡಿಸಬೇಡಿ, ಕಾಯಿಸಿದ್ದೇ ಕೊಡಿ. ಪ್ರಾಣಿ ಮುಟ್ಟಿದ ಮೇಲೆ, ತಿನ್ನೋಕೆ ಮುಂಚೆ ಹರಿಯೋ ನೀರು ಮತ್ತು ಸೋಪು, ಸ್ಯಾನಿಟೈಸರ್ ಇದೆ ಅಂತ ಬಿಡಬೇಡಿ, ಐದು ವರ್ಷದ ಒಳಗಿನವರಿಗೆ ಸಗಣಿಯಿಂದ ಬರೋ ಭೇದಿ ಜೋರಾಗಿ ಬಡಿಯುತ್ತೆ. ಕೈ ತೊಳೆಯೋ ಜಾಗ ಕೊಟ್ಟಿಗೆಗೂ ಊಟಕ್ಕೂ ನಡುವೆ ಇಡಿ, ಆಗ ಯಾರೂ ತಪ್ಪಿಸೋಕೆ ಆಗೋದಿಲ್ಲ.

ತಿಕೋಟಾ_ಸೊಸಿ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ. ಹೊಂಡ ನಮ್ಮಲ್ಲೂ ಐತಿ, ಇವತ್ತ ಸಂಜಿಕ ಮನಿಯವರಿಗೆ ಡಾಕ್ಟರ್ ಮತ್ತ ಅಣ್ಣಾರು ಬರದದ್ದು ಓದಿ ಹೇಳತೀನಿ. ಬೀಸುಕಲ್ಲು ಅಟ್ಟದ ಮ್ಯಾಲೆ ಐತಿ, ತಗಸ್ತೀನಿ. ಊಟಕ್ಕ ಸೀತನಿ (ಸುಟ್ಟ ಎಳಿ ಜ್ವಾಳ), ಸುಲಗಾಯಿ (ಗಿಡದಾಗಿನ ಹಸಿ ಕಡ್ಲಿ) ಇಡಬೇಕಂತ ಆಸೆ, ಇಷ್ಟು ಸಣ್ಣವರಿಗೆ ನಡಿತಾವೇನ್ರಿ ಟೀಚರ್?

ಬಾಗಲಕೋಟಿ_ಟೀಚರ್:
ಸೀತನಿ ಇರಲೇಬೇಕ್ರಿ, ತೆನಿ ಇನ್ನೂ ಹಾಲುಗಾಳು ಇದ್ರ ಕುಳ್ಳಿನ ಕೆಂಡದಾಗ ಸುಟ್ಟು, ತಿಕ್ಕಿ, ಆರಿದ ಮ್ಯಾಲೆ ಬೆಲ್ಲ ಹಚ್ಚಿ ಕೊಡ್ರಿ. ನೀವು ಹಿಂಗಾರಿ ಬಿತ್ತಿದ್ದು ಯಾವಾಗ ನೋಡ್ಕೊಂಡು ರವಿವಾರ ಗೊತ್ತು ಮಾಡ್ರಿ, ಬೆಳಿ ಬಲಿತ ಮ್ಯಾಲೆ ಸೀತನಿ ಸಿಗಂಗಿಲ್ಲ. ಸುಲಗಾಯಿ ದೊಡ್ಡ ಹುಡುಗ್ರು ತಾವ ಸುಲದು ತಿನ್ನಲಿ, ಮೂರು ನಾಕು ವರ್ಷದವರಿಗೆ ಇಡೀ ಕಡ್ಲಿಕಾಳು, ಶೇಂಗಾಕಾಳು ಕೊಡಬ್ಯಾಡ್ರಿ, ಗಂಟಲದಾಗ ಸಿಗತಾವ. ಅವರಿಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಮಸರು, ಬಿಸಿ ರೊಟ್ಟಿ ಮುರದು ಕಲಿಸಿ ಕೊಟ್ರ ಹೊಟ್ಟಿ ತುಂಬ ಉಣತಾವ.